ಬೆಕ್ಕಿನ ಮೈಮೇಲೆ ಹೊಸ ಬಣ್ಣ

ಪ್ರಶ್ನೆ: 12 ಟ್ಯೂಬಿನ ಹೊಸ ಜಲವರ್ಣದ ಸೆಟ್ ಹೇಗಿದೆಯೆಂದು ನೋಡಲು ಮನೆಯ ಕಪ್ಪು ಬೆಕ್ಕನ್ನು ಬರೆದೆ. ಮೈ ಡಾಂಬರು ಬಳಿದ ಹಾಗಾಯಿತು, ಬೆನ್ನ ಮೇಲೆ ಹೂಕೋಸಿನಂಥ ಕಲೆ ಎದ್ದಿತು. ಬಣ್ಣವೇ ಕಳಪೆಯೇ?
– ಓದುಗರು, ಬಸವನಗುಡಿ

ಉತ್ತರ: ಡಾಂಬರಿಗೂ ಹೂಕೋಸಿಗೂ ಕಾರಣ ಬೇರೆ ಬೇರೆ. ಕಪ್ಪು ಟ್ಯೂಬನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಬಿಡಿ. ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು) ಎರಡನ್ನೂ ತಟ್ಟೆಯಲ್ಲಿ ಪೂರ್ತಿ ಕಲೆಸದೆ, ಕಾಗದದ ಮೇಲೇ ಒಂದಕ್ಕೊಂದು ತಾಗಿಸಿ. ನೆರಳಿನ ಕಡೆ ನೀಲಿ ಮುಂದಿರಲಿ, ಬಿಸಿಲು ಬೀಳುವ ಕಡೆ ಕಂದು; ಬಿಸಿಲಿಗೆ ಮೈಯೊಡ್ಡಿ ಮಲಗಿದ ಕಪ್ಪು ಬೆಕ್ಕನ್ನು ಗಮನಿಸಿ, ಕೂದಲ ತುದಿ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಟ್ರಾಮರೀನ್ ಕಣಗಳು ತರಿ ಕಾಗದದ ಕುಳಿಗಳಲ್ಲಿ ಕೂತು, ರೋಮದ ಒರಟನ್ನು ತಾವಾಗಿಯೇ ಕೊಡುತ್ತವೆ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ಬೇಕಾದ್ದಕ್ಕಿಂತ ಸ್ವಲ್ಪ ಗಾಢವಾಗಿಯೇ ಹಚ್ಚಿ.

ಟ್ಯೂಬಿನ ಹಿಂದೆ ಪಿಗ್ಮೆಂಟ್ (ಬಣ್ಣ ಕೊಡುವ ಮೂಲ ಪುಡಿ) ಸಂಖ್ಯೆ ನೋಡಿ: ಅಲ್ಟ್ರಾಮರೀನ್‌ಗೆ ಪಿಬಿ29, ಬರ್ಂಟ್ ಸಿಯೆನ್ನಾಗೆ ಸಾಮಾನ್ಯವಾಗಿ ಪಿಬಿಆರ್7. ಒಂದೇ ಟ್ಯೂಬಿನಲ್ಲಿ ಮೂರು ಪಿಗ್ಮೆಂಟ್ ಇದ್ದರೆ ಬೆರೆಸಿದಾಗ ಬೇಗ ಕೆಸರಾಗುತ್ತದೆ.

ಇನ್ನು ಹೂಕೋಸು. ಅರೆ ಒಣಗಿದ ಬಣ್ಣದ ಮೇಲೆ ಅದಕ್ಕಿಂತ ಹೆಚ್ಚು ನೀರಿರುವ ಕುಂಚ ತಾಗಿದರೆ, ಆ ನೀರು ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿಗೆ ರಾಶಿ ಹಾಕುತ್ತದೆ. ಕಾಗದವನ್ನು ಓರೆಯಾಗಿ ಹಿಡಿದು ನೋಡಿ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಣ್ಣ ಹೇಳಿದ ಮಾತು ಕೇಳದು. ಹೊಳಪು ಮಂಕಾಗಿ ರೇಷ್ಮೆಯಂತಾದಾಗ, ಹಿಂಡಿದ ಕುಂಚದಲ್ಲಿ ಗಟ್ಟಿ ಬಣ್ಣ ತೆಗೆದುಕೊಂಡು ಕೂದಲು ಬೆಳೆಯುವ ದಿಕ್ಕಿಗೆ ಗೆರೆ ಎಳೆಯಿರಿ. ಅಂಚು ಮೆತ್ತಗೆ ಹರಡುತ್ತದೆ. ಹೊಳಪು ಪೂರ್ತಿ ಆರಿ, ಮುಟ್ಟಿದರೆ ಇನ್ನೂ ತಣ್ಣಗಿದ್ದರೆ ಕುಂಚ ಕೆಳಗಿಡಿ. ಹೂಕೋಸು ಏಳುವುದು ಆಗಲೇ. ಬೆಂಗಳೂರಿನ ಮಳೆಗಾಲದಲ್ಲಿ ಈ ಕಾಯುವಿಕೆ ಎಳೆಯುತ್ತದೆ. ಏಪ್ರಿಲ್‌ನಲ್ಲಿ ಫ್ಯಾನ್ ಹಾಕಿಕೊಂಡು ಕೂತರೆ ರೇಷ್ಮೆಯ ಹೊತ್ತು ಕಣ್ಣಿಗೆ ಬೀಳುವುದೇ ಇಲ್ಲ. ಫ್ಯಾನ್ ಆರಿಸಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವಾದರೆ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ, ತೆಳು ಡ್ರಾಯಿಂಗ್ ಹಾಳೆ ಅಲೆಅಲೆಯಾಗಿ ಎದ್ದು ತಗ್ಗಿನಲ್ಲಿ ನೀರು ನಿಲ್ಲಿಸಿಕೊಳ್ಳುತ್ತದೆ.

ಪ್ರಶ್ನೆ: ಮೀಸೆಗೆಂದು ಹಚ್ಚಿದ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಕಾಗದವನ್ನು ಬಿಳಿಯಾಗಿಯೇ ಉಳಿಸುವ ರಬ್ಬರಿನಂಥ ದ್ರವ) ತೆಗೆಯುವಾಗ ಕಾಗದವೂ ಕಿತ್ತುಬಂತು.
– ಓದುಗರು, ವಿಜಯನಗರ

ಉತ್ತರ: ಕಾಗದ ಒಳಗಿನಿಂದ ಒಣಗಿರಲಿಲ್ಲ, ಇಲ್ಲವೇ ಫ್ಲೂಯಿಡ್ ದಿನಗಟ್ಟಲೆ ಉಳಿದಿತ್ತು. ಹೇರ್ ಡ್ರೈಯರ್ ಬಿಸಿಗೂ ಅದು ಬಿಗಿಯಾಗಿ ಅಂಟುತ್ತದೆ. ಮೀಸೆಗೆ ಅದು ಬೇಡವೇ ಬೇಡ, ಗೆರೆ ಹಗ್ಗದಷ್ಟು ದಪ್ಪವಾಗುತ್ತದೆ. ಚಿತ್ರ ಪೂರ್ತಿ ಒಣಗಿದ ಮೇಲೆ ಬಿಳಿ ಗ್ವಾಶ್ (ಕೆಳಗಿನದನ್ನು ಮುಚ್ಚುವ ಅಪಾರದರ್ಶಕ ಜಲವರ್ಣ) ಬಣ್ಣವನ್ನು ಹಾಲಿನ ಕೆನೆಯ ಹದಕ್ಕೆ ತಂದು, ಉದ್ದ ಕೂದಲಿನ ರಿಗ್ಗರ್ ಕುಂಚದಿಂದ ಕೆನ್ನೆಯಿಂದ ಹೊರಕ್ಕೆ ಒಂದೇ ಬೀಸಿನಲ್ಲಿ ಎಳೆದು ತುದಿಯಲ್ಲಿ ಎತ್ತಿಬಿಡಿ.

ಪ್ರಶ್ನೆ: ಗೋಡೆಗೆ ಹಾಕಿದ ಚಿತ್ರದಲ್ಲಿ ಬೆಕ್ಕಿನ ಮೂಗಿನ ಗುಲಾಬಿ ಮಾತ್ರ ಮಾಸಿದೆ.
– ಓದುಗರು, ಜಯನಗರ

ಉತ್ತರ: ಅಲಿಜರಿನ್ ಕ್ರಿಮ್ಸನ್ (ಪಿಆರ್83), ಒಪೆರಾ ರೋಸ್ ಎರಡೂ ಬೆಳಕಿಗೆ ಮಾಸುತ್ತವೆ. ಪಿವಿ19 ಇರುವ ಕ್ವಿನಾಕ್ರಿಡೋನ್ ರೋಸ್ ಕೊಳ್ಳಿ. ಹೊಸ ಸೆಟ್ ತಂದ ದಿನವೇ ಪ್ರತಿ ಬಣ್ಣದ ಪಟ್ಟಿ ಎಳೆದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಬಿಸಿಲಿನ ಕಿಟಕಿಗೆ ಅಂಟಿಸಿ. ಮೂರು ತಿಂಗಳಾದ ಮೇಲೆ ರಟ್ಟು ತೆಗೆದು ಎರಡೂ ಅರ್ಧಗಳನ್ನು ಹೋಲಿಸಿ ನೋಡಿ.