ಇಲಿ ತಿಂದು, ಹೊರಗೆ ಹೋಗಿ ಸಾಯುವಂಥ ಪಾಷಾಣ ಯಾವುದು?

ಅಂಥದ್ದು ಯಾವುದೂ ಇಲ್ಲ. "ತಿಂದರೆ ಬಾಯಾರಿಕೆ ಆಗುತ್ತೆ, ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತೆ" ಅಂತ ನಿಮಗೂ ಯಾರೋ ಹೇಳಿರಬೇಕು, ಅಲ್ವಾ? ನಾನೂ ಅದನ್ನೇ ನಂಬಿದ್ದೆ.

ನನ್ನದು ಕೆಳಗೆ ಅಂಗಡಿ, ಮೇಲೆ ಮನೆ. ಟೈಲರಿಂಗ್ ಕೆಲಸ. ರಾತ್ರಿಯಿಡೀ ಫಾಲ್ಸ್ ಸೀಲಿಂಗ್ ಮೇಲೆ ಟಕಟಕ ಓಡಾಟ. ಗಿರಾಕಿಯೊಬ್ಬರು ಹೊಲಿಯೋಕೆ ಕೊಟ್ಟಿದ್ದ ರೇಷ್ಮೆ ಬಟ್ಟೆಯ ಅಂಚನ್ನು ಇಲಿ ಕತ್ತರಿಸಿ ಹಾಕಿದಾಗ ತಲೆ ಕೆಟ್ಟುಹೋಯಿತು. ಪಾಷಾಣದ ಬಿಲ್ಲೆ ತಂದು ಸೀಲಿಂಗ್ ಮೇಲೆ ಇಟ್ಟೆ. ಬೆಳಿಗ್ಗೆ ನೋಡಿದರೆ ಬಿಲ್ಲೆ ಮಾಯ. ಖುಷಿಯಲ್ಲಿ ಅವತ್ತೇ ಮೇಸ್ತ್ರಿಯನ್ನು ಕರೆಸಿ, ಪೈಪಿನ ಪಕ್ಕದ ಕಿಂಡಿಗೆ ಸಿಮೆಂಟ್ ಮೆತ್ತಿಸಿದೆ. ಹೊರಗಿನಿಂದ ಇನ್ನೊಂದು ಬರಬಾರದು ನೋಡಿ!

ಕೆಟ್ಟಿದ್ದು ಇಲ್ಲೇ. ಸ್ವಲ್ಪ ಉದ್ದ ಆದರೂ ಹೇಳುತ್ತೇನೆ. ಬ್ರೋಮಾಡಿಯೋಲೋನ್‌ನಂಥ ಪಾಷಾಣ ಇಲಿಯನ್ನು ತಕ್ಷಣ ಕೊಲ್ಲುವುದಿಲ್ಲ. ದೇಹದಲ್ಲಿ ವಿಟಮಿನ್ ಕೆ ಕೆಲಸ ಮಾಡದ ಹಾಗೆ ತಡೆಯುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟುವುದಿಲ್ಲ, ಒಳಗೊಳಗೇ ಸೋರುತ್ತದೆ. ಅದಕ್ಕೆ ಕೆಲವು ದಿನ ಬೇಕು. ಅಲ್ಲಿವರೆಗೂ ಇಲಿ ಆರಾಮಾಗಿ ಓಡಾಡಿಕೊಂಡಿರುತ್ತದೆ. ಸುಸ್ತಾದಾಗ ನೀರು ಹುಡುಕಿಕೊಂಡು ಊರೆಲ್ಲ ಸುತ್ತುವುದಿಲ್ಲ, ಗೂಡಿಗೆ ಹೋಗಿ ಮಲಗುತ್ತದೆ. ಗೂಡು ಇದ್ದದ್ದು ನನ್ನ ಸೀಲಿಂಗ್ ಮೇಲೆ. ಹೊರಗೆ ಹೋಗುವ ಮನಸ್ಸಿದ್ದರೂ ದಾರಿಯನ್ನು ನಾನೇ ಮುಚ್ಚಿದ್ದೆ.

ವಾಸನೆ ಶುರುವಾಯಿತು. ಊದುಬತ್ತಿ, ಫಿನಾಯಿಲ್ ಎಲ್ಲ ಆಯಿತು. ಅಂಗಡಿಯ ಗಾಳಿಗಿಂತ ಬಟ್ಟೆಗೆ ಹಿಡಿದದ್ದೇ ಜಾಸ್ತಿ. ಮಡಚಿಟ್ಟಾಗ ಗೊತ್ತಾಗುತ್ತಿರಲಿಲ್ಲ, ಇಸ್ತ್ರಿಯ ಬಿಸಿ ತಾಗಿದ ಕೂಡಲೇ ಮೂಗಿಗೆ ಹೊಡೆಯುತ್ತಿತ್ತು. ಹೊಲಿದಿದ್ದನ್ನೆಲ್ಲ ಮತ್ತೆ ಒಗೆಸಿದೆ. ಕೆಲವರು ಆಮೇಲೆ ಅಂಗಡಿ ಕಡೆ ಬರಲೇ ಇಲ್ಲ. ಕೊನೆಗೆ ಸೀಲಿಂಗ್ ಕೀಳಿಸಿದರೆ ಒಂದು ಮೂಲೆಯಲ್ಲಿ ನೂಲು, ಕ್ಯಾನ್ವಾಸ್ ಚೂರು, ಅದೇ ರೇಷ್ಮೆಯ ಅಂಚು ಎಲ್ಲ ಸೇರಿಸಿ ಮಾಡಿದ ಚೆಂದದ ಹಾಸಿಗೆ. ಅದರಲ್ಲಿ ಸತ್ತ ಇಲಿಗಳು.

ಅದಕ್ಕೇ ಹೇಳುತ್ತೇನೆ, ಯಾವ ಪಾಷಾಣ ಅನ್ನೋ ಪ್ರಶ್ನೆ ಬಿಡಿ. ಎಲ್ಲಿಂದ ಬರುತ್ತಿವೆ ಅಂತ ಹುಡುಕಿ. ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿ.ಮೀ. ಸಂದು ಇದ್ದರೂ ಸುಂಡಿಲಿ ಒಳಗೆ ಬರುತ್ತದೆ. ದೊಡ್ಡ ಇಲಿಗೆ ಅದರ ಎರಡರಷ್ಟು ಸಾಕು. ಗೋಡೆಯ ಬುಡದಲ್ಲಿ, ಪೈಪ್ ಸುತ್ತ ಕಪ್ಪಗೆ ಜಿಡ್ಡು ಹಿಡಿದ ಗೆರೆ ಕಂಡರೆ ಅದೇ ಅವುಗಳ ದಾರಿ. ಕಿಂಡಿಗೆ ಸ್ಟೀಲ್ ವುಲ್ (ಉಕ್ಕಿನ ನಾರು) ತುರುಕಿ, ಮೇಲೆ ಸಿಮೆಂಟ್ ಹಾಕಿಸಿ. ಬರೀ ಫೋಮ್ ಹಾಕಿದರೆ ಕಡಿದುಹಾಕುತ್ತವೆ.

ಒಳಗೆ ಉಳಿದವಕ್ಕೆ ಬೋನು. ಸತ್ತದ್ದು ಕಣ್ಣಿಗೆ ಬೀಳುತ್ತದೆ, ಎತ್ತಿ ಹಾಕಬಹುದು. ಸ್ಪ್ರಿಂಗ್ ಬೋನಾದರೆ ತಿಂಡಿ ಇಟ್ಟ ತುದಿ ಗೋಡೆಗೆ ತಾಗಿರಲಿ, ಕೋಣೆಯ ನಡುವೆ ಇಟ್ಟು ಪ್ರಯೋಜನವಿಲ್ಲ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಮೊದಲು ಕೆಲವು ದಿನ ಬೋನು ಬಿಗಿಯದೆ ಸುಮ್ನೆ ತಿಂಡಿ ಇಟ್ಟು ಅಭ್ಯಾಸ ಮಾಡಿಸಿ. ಅಂಟಿನ ಹಲಗೆ ಮಾತ್ರ ಬೇಡ, ಜೀವಂತ ಒದ್ದಾಡುವುದನ್ನು ನೋಡೋಕಾಗಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಶಬ್ದದ ಯಂತ್ರವನ್ನೂ ನಾನು ನಂಬುವುದಿಲ್ಲ. ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಬೇಡಿ, ಧೂಳಿನ ಜೊತೆ ರೋಗಾಣು ಮೂಗಿಗೆ ಹೋಗಬಹುದು. ಬ್ಲೀಚ್ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟು, ಗ್ಲೌಸ್ ಹಾಕಿಕೊಂಡು ಒರೆಸಿ.

ಈಗಾಗಲೇ ಪಾಷಾಣ ಇಟ್ಟಿದ್ದೀರಾ? ಉಳಿದದ್ದನ್ನು ಇವತ್ತೇ ತೆಗೆಯಿರಿ, ಪೊಟ್ಟಣ ಮಾತ್ರ ಎಸೆಯಬೇಡಿ. ಮಗುವೋ ನಾಯಿಯೋ ಪಾಷಾಣವನ್ನು ಬಾಯಿಗೆ ಹಾಕಿಕೊಂಡರೆ ಒಂದೆರಡು ದಿನ ಏನೂ ಆಗಿಲ್ಲದ ಹಾಗೆ ಕಾಣಬಹುದು. ಕಾಯಬೇಡಿ, ಪೊಟ್ಟಣ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಓಡಿ. ಯಾವ ಪಾಷಾಣ ಅಂತ ಗೊತ್ತಾದರೆ ವಿಟಮಿನ್ ಕೆ ಕೊಡಬೇಕೋ ಬೇಡವೋ ಅಂತ ಅವರು ಬೇಗ ತೀರ್ಮಾನಿಸಬಹುದು.