ದೊಡ್ಡ ಫ್ರೇಮು, ದಪ್ಪ ಲೆನ್ಸು: ಕನ್ನಡಕದ ಬಗ್ಗೆ ಓದುಗರ ಪ್ರಶ್ನೆಗಳು

ಹುಬ್ಬಿನಿಂದ ಕೆನ್ನೆಯವರೆಗೆ ಇಳಿಯುವ ದೊಡ್ಡ ಕನ್ನಡಕ ಮತ್ತೆ ಚಾಲ್ತಿಗೆ ಬಂದಿದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅದರ ಸುತ್ತಲೇ ಇವೆ. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನಗೆ ಎರಡೂ ಕಣ್ಣಿಗೆ ಮೈನಸ್ 5 ಪವರ್. ದೊಡ್ಡ ಚೌಕದ ಫ್ರೇಮೊಂದು ತುಂಬ ಹಿಡಿಸಿದೆ. 'ತೆಳು ಲೆನ್ಸ್ ಹಾಕಿಸಿದರೆ ದಪ್ಪ ಗೊತ್ತೇ ಆಗುವುದಿಲ್ಲ' ಎನ್ನುತ್ತಾರೆ ಅಂಗಡಿಯವರು. ನಂಬಬಹುದೇ?

ಉತ್ತರ: ಅರ್ಧ ನಂಬಿ. ಕಡ್ಡಿಯ ಒಳಬದಿಯಲ್ಲಿ 58-18-145 ಎಂಬಂಥ ಮೂರು ಸಂಖ್ಯೆಗಳಿರುತ್ತವೆ. ಮೊದಲನೆಯದು ಒಂದು ಲೆನ್ಸಿನ ಅಗಲ, ಎರಡನೆಯದು ಮೂಗಿನ ಜಾಗದಲ್ಲಿ ಎರಡು ಲೆನ್ಸುಗಳ ನಡುವಿನ ಅಂತರ, ಮೂರನೆಯದು ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರಿನಲ್ಲಿ. ಮೊದಲ ಎರಡನ್ನು ಕೂಡಿಸಿದರೆ 76 ಬರುತ್ತದೆ. ಒಂದು ಲೆನ್ಸಿನ ನಟ್ಟನಡುವಿನಿಂದ ಇನ್ನೊಂದರ ನಟ್ಟನಡುವಿಗೆ ಇರುವ ದೂರ ಅದು. ಈಗ ನಿಮ್ಮ ಪಿ.ಡಿ., ಅಂದರೆ ಎರಡು ಕಣ್ಣುಪಾಪೆಗಳ ನಡುವಿನ ಅಂತರ, 60 ಇದೆ ಎಂದುಕೊಳ್ಳಿ. ವ್ಯತ್ಯಾಸ 16. ಹಾಗಾಗಿ ಪ್ರತಿ ಕಣ್ಣೂ ಲೆನ್ಸಿನ ಮಧ್ಯದಿಂದ 8 ಮಿ.ಮೀ. ಮೂಗಿನ ಕಡೆಗೆ ಕೂತಿರುತ್ತದೆ. ಪವರಿನ ಕೇಂದ್ರ ಕಣ್ಣಿನ ಎದುರಿಗೇ ಬರಬೇಕಾದ್ದರಿಂದ ಲೆನ್ಸನ್ನೂ ಅಷ್ಟೇ ಒಳಗೆ ಸರಿಸಿ ಕತ್ತರಿಸುತ್ತಾರೆ. ಆಗ ಕಿವಿಯ ಕಡೆಯ ಅಂಚು ಕೇಂದ್ರದಿಂದ 37 ಮಿ.ಮೀ. ದೂರಕ್ಕೆ ಹೋಗುತ್ತದೆ. ಮೈನಸ್ ಲೆನ್ಸ್ ಕೇಂದ್ರದಿಂದ ದೂರ ಹೋದಷ್ಟೂ ದಪ್ಪವಾಗುತ್ತದೆ. ಅದೂ ದೂರದ ವರ್ಗದ ಲೆಕ್ಕದಲ್ಲಿ: ದೂರ ಎರಡು ಪಟ್ಟಾದರೆ ದಪ್ಪದ ಏರಿಕೆ ನಾಲ್ಕು ಪಟ್ಟು.

ನಿಮ್ಮ ಪವರಿಗೇ ಲೆಕ್ಕ ಹಾಕೋಣ. ಲೆನ್ಸಿನ ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ಅಂಕೆ ಇಂಡೆಕ್ಸ್, ಅದು ಹೆಚ್ಚಿದಷ್ಟೂ ಲೆನ್ಸ್ ತೆಳು. ಈ ಫ್ರೇಮಿಗೆ 1.5 ಇಂಡೆಕ್ಸಿನ ಸಾಮಾನ್ಯ ಲೆನ್ಸ್ ಹಾಕಿಸಿದರೆ ಹೊರ ಅಂಚು ಸುಮಾರು 9 ಮಿ.ಮೀ. ಆಗುತ್ತದೆ. 1.67ರ ತೆಳು ಲೆನ್ಸ್ ಹಾಕಿಸಿದರೆ ಸುಮಾರು 6.5. ಅದೇ 48-20ರ ಫ್ರೇಮು ತೆಗೆದುಕೊಂಡರೆ ಸಾಮಾನ್ಯ ಲೆನ್ಸಿನಲ್ಲೇ ಅಂಚು 6ರ ಒಳಗೆ ನಿಲ್ಲುತ್ತದೆ. ದೊಡ್ಡ ಫ್ರೇಮಿನ ದುಬಾರಿ ಲೆನ್ಸಿಗಿಂತ ಸಣ್ಣ ಫ್ರೇಮಿನ ಅಗ್ಗದ ಲೆನ್ಸೇ ತೆಳು ಎಂದಾಯಿತು.

ಹಾಗೆಂದು ಆಸೆ ಬಿಡಬೇಕಿಲ್ಲ. ಕನ್ನಡಕ ದೊಡ್ಡದಾಗಿ ಕಾಣಲು ಲೆನ್ಸೇ ಅಗಲವಿರಬೇಕೆಂದೇನಿಲ್ಲ. 50-20ರ ಲೆನ್ಸು, ಅದರ ಸುತ್ತ 5-6 ಮಿ.ಮೀ. ಅಗಲದ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಚೌಕಟ್ಟು, ಎತ್ತರ 44-45 ಇರುವಂಥದ್ದನ್ನು ಹುಡುಕಿ. ಹೊರಗಿನಿಂದ ಮುಖ ತುಂಬಿ ಕಾಣುತ್ತದೆ, ಒಳಗೆ ಲೆನ್ಸ್ ಕಣ್ಣಿನ ಸುತ್ತಲೇ ಇರುತ್ತದೆ. ದಪ್ಪ ಚೌಕಟ್ಟು ಅಂಚಿನ 3-4 ಮಿ.ಮೀ. ಮುಚ್ಚಿಕೊಳ್ಳುತ್ತದೆ. ತಂತಿಯಂಥ ತೆಳು ಲೋಹದ ಫ್ರೇಮಿನಲ್ಲಿ ಇಡೀ ದಪ್ಪ ಬಯಲಿಗೆ ಬೀಳುತ್ತದೆ. ಕೆಲವೊಮ್ಮೆ ಹಿಂದಕ್ಕೆ ಚಾಚಿದ ಅಂಚು ಅಡ್ಡ ಬಂದು ಕಡ್ಡಿ ಪೂರ್ತಿ ಮಡಚಲೂ ಆಗುವುದಿಲ್ಲ. ಆರ್ಡರ್ ಕೊಡುವ ಮುನ್ನ ಅಂಚಿನ ದಪ್ಪ ಎಷ್ಟು ಬರುತ್ತದೆ ಎಂದು ಕೇಳಿ. ಫ್ರೇಮಿನ ಅಳತೆ, ಪಿ.ಡಿ., ಪವರ್ ಮೂರೂ ಕೈಯಲ್ಲಿದ್ದರೆ ಲ್ಯಾಬಿನವರು ಮೊದಲೇ ಹೇಳಬಲ್ಲರು.

ಪ್ರಶ್ನೆ: ಹೊಸ ದೊಡ್ಡ ಕನ್ನಡಕ ಹಾಕಿದಾಗಿನಿಂದ ಸಂಜೆಯಾಗುತ್ತಲೇ ಕಣ್ಣು ಎಳೆಯುತ್ತದೆ, ತಲೆನೋವು. ಪವರ್ ಮರುಪರೀಕ್ಷೆ ಮಾಡಿಸಿದೆ, ಸರಿಯಾಗಿಯೇ ಇದೆ. ಹಳೆಯ ಸಣ್ಣ ಕನ್ನಡಕದಲ್ಲಿ ಈ ತೊಂದರೆ ಇರಲಿಲ್ಲ.

ಉತ್ತರ: ಪವರ್ ಸರಿಯಿದ್ದರೆ ಮೊದಲು ಅನುಮಾನಿಸಬೇಕಾದ್ದು ಕೇಂದ್ರವನ್ನು. ತಯಾರಿಸಿಟ್ಟ ದುಂಡು ಲೆನ್ಸುಗಳು ಸಾಮಾನ್ಯವಾಗಿ 65, 70, 75 ಮಿ.ಮೀ. ವ್ಯಾಸದಲ್ಲಿ ಬರುತ್ತವೆ. ಬೇಕಾದ ವ್ಯಾಸದ ಲೆಕ್ಕ ಸುಲಭ: ಲೆನ್ಸಿನ ಅತಿ ಉದ್ದದ ಓರೆ ಅಳತೆ, ಅದಕ್ಕೆ ಒಳಗೆ ಸರಿಸಬೇಕಾದ ದೂರದ ಎರಡರಷ್ಟು, ಮೇಲೆ 2 ಮಿ.ಮೀ. ಓರೆ ಅಳತೆ 62, ಸರಿಸುವುದು 8 ಆದರೆ 80 ಬೇಕು. ಕೈಯಲ್ಲಿ 75ರದ್ದು ಮಾತ್ರ ಇದ್ದಾಗ ಲೆನ್ಸ್ ಸಾಲದೆ ಕಿವಿ ಕಡೆ ಸಂದಿ ಬೀಳುತ್ತದೆ. ಅದನ್ನು ತಪ್ಪಿಸಲು ಕೇಂದ್ರವನ್ನೇ ಎರಡು ಮೂರು ಮಿ.ಮೀ. ಹೊರಗೆ ಬಿಟ್ಟು ಕತ್ತರಿಸುವವರಿದ್ದಾರೆ. ಕೂರಿಸಿದ ಮೇಲೆ ನೋಡಲು ಏನೂ ತಪ್ಪು ಕಾಣುವುದಿಲ್ಲ.

ಕೇಂದ್ರ ತಪ್ಪಿದ ಲೆನ್ಸ್ ಪ್ರಿಸಂನಂತೆ ವರ್ತಿಸುತ್ತದೆ, ಅಂದರೆ ಬೆಳಕನ್ನು ಒಂದು ಪಕ್ಕಕ್ಕೆ ತಿರುಗಿಸುತ್ತದೆ. ತಪ್ಪಿದ ದೂರವನ್ನು ಸೆಂಟಿಮೀಟರಿನಲ್ಲಿಟ್ಟು ಪವರಿನಿಂದ ಗುಣಿಸಿದರೆ ಎಷ್ಟು ಪ್ರಿಸಂ ಎಂಬುದು ಬರುತ್ತದೆ. ಮೈನಸ್ 5ಕ್ಕೆ ಒಂದೊಂದು ಕಣ್ಣಿಗೂ 3 ಮಿ.ಮೀ. ತಪ್ಪಿದ್ದರೆ 1.5ರಂತೆ ಎರಡೂ ಸೇರಿ 3 ಪ್ರಿಸಂ. ಕಣ್ಣುಗಳು ದಿನವಿಡೀ ಅಷ್ಟು ಹೊರಕ್ಕೆ ಜಗ್ಗಿಕೊಂಡು ಒಂದೇ ಚಿತ್ರ ಮಾಡಿಕೊಳ್ಳಬೇಕು. ಸಂಜೆಯ ನೋವು ಅದರದ್ದೇ ಇರಬಹುದು.

ಪರೀಕ್ಷೆ ಕಷ್ಟವಿಲ್ಲ. ಲೆನ್ಸಿನ ಪವರ್ ಮತ್ತು ಕೇಂದ್ರ ಅಳೆಯುವ ಯಂತ್ರವಾದ ಲೆನ್ಸೋಮೀಟರಿನಲ್ಲಿ ಎರಡೂ ಲೆನ್ಸಿಗೆ ಕೇಂದ್ರದ ಚುಕ್ಕಿ ಹಾಕಿಸಿ, ಚುಕ್ಕಿಯಿಂದ ಚುಕ್ಕಿಗೆ ಸ್ಕೇಲ್ ಇಟ್ಟು ಅಳೆಯಿರಿ, ನಿಮ್ಮ ಪಿ.ಡಿ. ಜೊತೆ ಹೋಲಿಸಿ. ಎತ್ತರವನ್ನೂ ನೋಡಿ. ಎರಡು ಚುಕ್ಕಿ ಮೇಲೆ ಕೆಳಗೆ ಆಗಿದ್ದರೆ ಅದು ಅಡ್ಡ ತಪ್ಪಿಗಿಂತ ಕೆಟ್ಟದ್ದು, ಏಕೆಂದರೆ ಕಣ್ಣುಗಳು ಲಂಬ ವ್ಯತ್ಯಾಸವನ್ನು ಬಹಳ ಕಡಿಮೆ ಸಹಿಸುತ್ತವೆ. ತಪ್ಪು ಸಿಕ್ಕರೆ ಲೆನ್ಸ್ ಬದಲಿಸಿಯೇ ಕೊಡಬೇಕು. 'ಹಾಕುತ್ತಾ ಹಾಕುತ್ತಾ ರೂಢಿಯಾಗುತ್ತದೆ' ಎಂಬ ಉತ್ತರಕ್ಕೆ ಒಪ್ಪಬೇಡಿ.

ಪ್ರಶ್ನೆ: ನನ್ನದು ಪ್ಲಸ್ 3. ಅಂಚು ತೆಳುವಾಗಿಯೇ ಇರುತ್ತದಲ್ಲ, ದೊಡ್ಡ ಫ್ರೇಮಿಗೆ ಅಡ್ಡಿಯಿಲ್ಲವೇ?

ಉತ್ತರ: ಅಂಚು ತೆಳು, ಆದರೆ ನಡುವೆ ಉಬ್ಬುತ್ತದೆ. 65 ಮಿ.ಮೀ. ವ್ಯಾಸದ ಪ್ಲಸ್ 3 ಸಾಮಾನ್ಯ ಲೆನ್ಸಿನ ನಡು ದಪ್ಪ ಸುಮಾರು 4.2 ಮಿ.ಮೀ., 80ರದ್ದಾದರೆ ಸುಮಾರು 5.8. ಹಾಗಾಗಿ ನಿಮಗೆ ಫ್ರೇಮಿನ ಆಕಾರಕ್ಕೆಂದೇ ಲೆನ್ಸ್ ಮಾಡಿಸುವುದು ಲಾಭ. ಫ್ರೇಮಿನ ಆಕಾರವನ್ನು ಟ್ರೇಸ್ ಮಾಡಿ ಲ್ಯಾಬಿಗೆ ಕಳಿಸಿದರೆ ಆ ಆಕಾರಕ್ಕೆ ಸಾಲುವಷ್ಟೇ ದಪ್ಪ ಇಟ್ಟು ಅರೆಯುತ್ತಾರೆ. ತಯಾರಿದ್ದ ದೊಡ್ಡ ಲೆನ್ಸನ್ನು ಕತ್ತರಿಸಿದರೆ ದಪ್ಪ ನಡುಭಾಗ ಹಾಗೇ ಉಳಿದುಬಿಡುತ್ತದೆ.

ಪ್ರಶ್ನೆ: ನಕ್ಕರೆ ಸಾಕು, ಕನ್ನಡಕ ಮೇಲೇಳುತ್ತದೆ. ಕೆನ್ನೆಯ ಮೇಲೆ ಅಂಚಿನ ಗುರುತು, ಲೆನ್ಸಿನ ಕೆಳಗೆ ಎಣ್ಣೆ ಜಿಡ್ಡು, ಬೆವರಿದಾಗ ಆವಿ. ಸಾಲದ್ದಕ್ಕೆ ಜಾರುವುದು ಬೇರೆ.

ಉತ್ತರ: ಫ್ರೇಮು ಕೆನ್ನೆಗೆ ಕೂತಿದೆ, ಮೂಗಿಗೆ ಅಲ್ಲ. ಕನ್ನಡಿ ಮುಂದೆ ನಿಂತು ಹಲ್ಲು ಕಾಣುವಂತೆ ನಗಿ, ಆಗ ಕೆಳ ಅಂಚಿಗೂ ಕೆನ್ನೆಗೂ ನಡುವೆ ಒಂದು ಕಾಗದ ಸಲೀಸಾಗಿ ದಾಟಬೇಕು. ದಾಟದಿದ್ದರೆ ತಿದ್ದುವ ಕ್ರಮ ಹೀಗೆ.

ಮೂಗಿನ ಪ್ಯಾಡ್ ಇರುವ ಫ್ರೇಮಾದರೆ ಮೊದಲು ಎರಡು ಪ್ಯಾಡ್‌ಗಳನ್ನು ಸಮನಾಗಿ ಹತ್ತಿರ ತರಿಸಿ. ಫ್ರೇಮು ಒಂದೆರಡು ಮಿ.ಮೀ. ಮೇಲೇರುತ್ತದೆ, ಮುಖದಿಂದ ತುಸು ಮುಂದಕ್ಕೂ ಬರುತ್ತದೆ. ಸಾಲದಿದ್ದರೆ ಓರೆ ನೋಡಿ. ಫ್ರೇಮಿನ ಕೆಳಭಾಗ ಕೆನ್ನೆಯ ಕಡೆಗೆ 8ರಿಂದ 12 ಡಿಗ್ರಿ ವಾಲಿರುವುದು ರೂಢಿ. ಎತ್ತರದ ಫ್ರೇಮಿನಲ್ಲಿ ಅದೇ ಓರೆ ಕೆಳ ಅಂಚನ್ನು ಹೆಚ್ಚು ಒಳಗೆ ತರುತ್ತದೆ. 5-6 ಡಿಗ್ರಿಗೆ ಇಳಿಸಿದರೆ ಸಾಕಾಗಬಹುದು. ಆದರೆ ಓರೆಗೂ ಕೇಂದ್ರದ ಎತ್ತರಕ್ಕೂ ಸಂಬಂಧವಿದೆ: 2 ಡಿಗ್ರಿ ಓರೆಗೆ ಕೇಂದ್ರ ಕಣ್ಣುಪಾಪೆಗಿಂತ 1 ಮಿ.ಮೀ. ಕೆಳಗಿರಬೇಕು. ಆದ್ದರಿಂದ ಈ ತಿದ್ದುಪಡಿ ಲೆನ್ಸ್ ಮಾಡಿಸುವ ಮೊದಲೇ ಆಗಲಿ.

ಅಸಿಟೇಟಿನ ಅಚ್ಚುಮೂಗಿಗೆ ಈ ಸೌಲಭ್ಯವಿಲ್ಲ. ಒಳಗೆ ಅಂಟಿಸುವ ಸಿಲಿಕೋನ್ ಪ್ಯಾಡ್ 1-2 ಮಿ.ಮೀ. ಎತ್ತುತ್ತದೆ. ನುರಿತ ಕೈಗಳು ಅಚ್ಚುಮೂಗನ್ನು ಕೊರೆದು ಲೋಹದ ಪ್ಯಾಡ್ ಕೂರಿಸಿಕೊಡುತ್ತವೆ. ಅದಕ್ಕೂ ಮೀರಿದರೆ ಆ ಫ್ರೇಮು ನಿಮ್ಮ ಮೂಗಿಗೆ ಹುಟ್ಟಿದ್ದಲ್ಲ.

ಜಾರುವುದಕ್ಕೆ ಹೆಚ್ಚಿನವರು ಮಾಡುವ ಉಪಾಯವೇ ಅದನ್ನು ಹೆಚ್ಚಿಸುತ್ತದೆ. ಕಡ್ಡಿಗಳನ್ನು ಒಳಕ್ಕೆ ಒತ್ತಿ ಬಿಗಿ ಮಾಡುತ್ತಾರೆ. ಕಡ್ಡಿ ಕಿವಿಗಿಂತ ಮುಂಚೆ ತಲೆಯ ಅಗಲದ ಭಾಗವನ್ನು ಒತ್ತಿದರೆ ಫ್ರೇಮು ಮುಂದಕ್ಕೇ ತಳ್ಳಲ್ಪಡುತ್ತದೆ. ಹಿಡಿತ ಇರಬೇಕಾದ್ದು ಕಿವಿಯ ಹಿಂದೆ. ಕಡ್ಡಿ ಕಿವಿಯ ಮೇಲ್ತುದಿ ದಾಟಿದ ಕೂಡಲೇ ಬಾಗಬೇಕು, ಬಾಗಿದ ತುದಿ ಕಿವಿಯ ಹಿಂದಿನ ಮೂಳೆಗೆ ಹಗುರವಾಗಿ ಅಂಟಿಕೊಳ್ಳಬೇಕು. ಬಾಗು ಒಂದು ಸೆಂಟಿಮೀಟರ್ ಹಿಂದಿದ್ದರೆ ಕನ್ನಡಕ ಅಷ್ಟೂ ದೂರ ಜಾರಿಯೇ ನಿಲ್ಲುತ್ತದೆ. ಇದನ್ನೆಲ್ಲ ಮನೆಯಲ್ಲಿ ಕುದಿಯುವ ನೀರಿಗೆ ಅದ್ದಿ ಮಾಡಲು ಹೋಗಬೇಡಿ. ಬಿಸಿಗೆ ಪ್ಲಾಸ್ಟಿಕ್ ಲೆನ್ಸ್ ಹಿಗ್ಗಿದಷ್ಟು ಅದರ ಮೇಲಿನ ಪ್ರತಿಫಲನ ತಡೆಯುವ ಲೇಪ ಹಿಗ್ಗುವುದಿಲ್ಲ, ಜೇಡನ ಬಲೆಯಂತೆ ಬಿರುಕು ಬಿಡುತ್ತದೆ. ಅದಕ್ಕೆ ರಿಪೇರಿ ಇಲ್ಲ. ಟಿಆರ್-90 ಎಂಬ ನೈಲಾನ್ ಬಗೆಯ ಪ್ಲಾಸ್ಟಿಕ್ಕಿನ ಫ್ರೇಮು ಕೊಳ್ಳುವವರಿಗೆ ಒಂದು ಮಾತು: ಹಗುರ, ಮುರಿಯುವುದು ಕಡಿಮೆ, ಆದರೆ ಬಾಗಿಸಿದ್ದು ನಿಲ್ಲುವುದು ಕಷ್ಟ. ಅಂಗಡಿಯಲ್ಲೇ ಸರಿಯಾಗಿ ಕೂತದ್ದನ್ನು ಮಾತ್ರ ತನ್ನಿ.

ಪ್ರಶ್ನೆ: ಪ್ರೋಗ್ರೆಸಿವ್ ಲೆನ್ಸಿಗೆ ದೊಡ್ಡ ಫ್ರೇಮೇ ಒಳ್ಳೆಯದು, ಓದುವ ಜಾಗ ಅಗಲವಾಗುತ್ತದೆ ಎಂದು ಹೇಳಿ ಕೊಟ್ಟರು. ಆದರೆ ಪಕ್ಕಕ್ಕೆ ನೋಡಿದರೆ ಎಲ್ಲ ಅಲುಗಾಡುತ್ತದೆ.

ಉತ್ತರ: ಎತ್ತರಕ್ಕೆ ಒಳ್ಳೆಯದು, ಅಗಲಕ್ಕೆ ಅಲ್ಲ. ಪ್ರೋಗ್ರೆಸಿವ್ ಎಂದರೆ ಮೇಲೆ ದೂರದ ಪವರ್, ಕೆಳಗೆ ಓದಿನ ಪವರ್ ಒಂದೇ ಲೆನ್ಸಿನಲ್ಲಿ ಗೆರೆಯಿಲ್ಲದೆ ಬೆರೆತಿರುವುದು. ಓದುವ ಜಾಗದ ಅಗಲವನ್ನು ತೀರ್ಮಾನಿಸುವುದು ಲೆನ್ಸಿನ ವಿನ್ಯಾಸ ಮತ್ತು ನಿಮ್ಮ ಓದಿನ ಪವರ್. ಎರಡು ಪಕ್ಕಗಳ ಮಸುಕು ಪ್ರೋಗ್ರೆಸಿವ್ ಲೆನ್ಸಿನ ಹುಟ್ಟುಗುಣ. ಸಣ್ಣ ಫ್ರೇಮಿನಲ್ಲಿ ಆ ಮಸುಕಿನ ಬಹುಭಾಗ ಕತ್ತರಿಸಿ ಹೋಗುತ್ತಿತ್ತು, ದೊಡ್ಡದರಲ್ಲಿ ಉಳಿದುಕೊಂಡಿದೆ, ಅಷ್ಟೇ.

ಎತ್ತರದ ಲಾಭವನ್ನು ಬಹಳ ಕಡೆ ವ್ಯರ್ಥ ಮಾಡುತ್ತಾರೆ. ಸಣ್ಣ ಫ್ರೇಮುಗಳ ಕಾಲದ ಅಭ್ಯಾಸದಲ್ಲಿ 11 ಮಿ.ಮೀ.ನ ಗಿಡ್ಡ ಕಾರಿಡಾರ್ ಇರುವ ಲೆನ್ಸನ್ನೇ ಬರೆದುಬಿಡುತ್ತಾರೆ. ದೂರದ ಪವರಿನಿಂದ ಓದಿನ ಪವರಿಗೆ ಇಳಿಯುವ ದಾರಿಯೇ ಕಾರಿಡಾರ್; ಅದು ಗಿಡ್ಡವಾದಷ್ಟೂ ಕಂಪ್ಯೂಟರ್ ದೂರದ ಜಾಗ ಕಿರಿದಾಗುತ್ತದೆ, ಪಕ್ಕದ ಮಸುಕು ಹೆಚ್ಚುತ್ತದೆ. ಕಣ್ಣುಪಾಪೆಯಿಂದ ಕೆಳ ಅಂಚಿಗೆ 22 ಮಿ.ಮೀ.ಗಿಂತ ಹೆಚ್ಚು ಜಾಗವಿದ್ದರೆ 14 ಅಥವಾ ಅದಕ್ಕಿಂತ ಉದ್ದದ ಕಾರಿಡಾರ್ ಕೇಳಿ. ಗಿಡ್ಡದ್ದಕ್ಕೇ ಒಗ್ಗಿಹೋದವರಿಗೆ ಮಾತ್ರ ಓದುವಾಗ ಕಣ್ಣು ಇನ್ನಷ್ಟು ಕೆಳಗಿಳಿಸಬೇಕಾಗುತ್ತದೆ.

ಅಳತೆಯ ಕ್ರಮವೂ ಮುಖ್ಯ. ಮೊದಲು ಫ್ರೇಮನ್ನು ಮುಖಕ್ಕೆ ಪೂರ್ತಿ ಹೊಂದಿಸಬೇಕು, ಆಮೇಲೆ ಅದರಲ್ಲಿರುವ ಮಾದರಿ ಲೆನ್ಸಿನ ಮೇಲೆ ಕಣ್ಣುಪಾಪೆಯ ಎದುರಿಗೆ ಪೆನ್ನಿನಿಂದ ಗುರುತು. ಗುರುತು ಹಾಕುವವರ ಕಣ್ಣು ನಿಮ್ಮ ಕಣ್ಣಿನ ಮಟ್ಟದಲ್ಲೇ ಇರಬೇಕು. ಪಿ.ಡಿ.ಯನ್ನು ಎಡ, ಬಲ ಬೇರೆ ಬೇರೆಯಾಗಿ ತೆಗೆಯಬೇಕು. ಹೊಂದಿಸದ ಭಾರದ ಫ್ರೇಮು ವಾರದಲ್ಲಿ 3 ಮಿ.ಮೀ. ಜಾರಿದರೆ ಗದ್ದ ಎತ್ತಿ ಓದುವ ಶಿಕ್ಷೆ ತಪ್ಪದು.

ಪ್ರಶ್ನೆ: ಅಜ್ಜಿಯ 1970ರ ದಶಕದ ದೊಡ್ಡ ಫ್ರೇಮು ಸಿಕ್ಕಿದೆ. ಹೊಸ ಲೆನ್ಸ್ ಹಾಕಿಸಬಹುದೇ?

ಉತ್ತರ: ವಸ್ತು ಯಾವುದು ಎನ್ನುವುದರ ಮೇಲಿದೆ. ಅಸಿಟೇಟ್ ಆದರೆ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ, ಮೇಲೆ ಬಿಳಿಯ ಪುಡಿಯಂಥದ್ದು ಕಂಡರೆ, ತಿರುಗಣಿಯ ಸುತ್ತ ಕೂದಲೆಳೆಯ ಬಿರುಕಿದ್ದರೆ ಬಿಟ್ಟುಬಿಡಿ. ಲೆನ್ಸ್ ಕೂರಿಸಲು ಬಿಸಿ ಮಾಡಿದಾಗ ಅಲ್ಲಿಯೇ ಸೀಳುತ್ತದೆ. ಆ ಕಾಲದ ಬಹಳಷ್ಟು ದೊಡ್ಡ ಫ್ರೇಮುಗಳು ಆಪ್ಟಿಲ್ ಎಂಬ ಎಪಾಕ್ಸಿ ರೆಸಿನ್ನಿನವು, ಕಡ್ಡಿಯ ಮೇಲೆ ಹೆಸರೂ ಇರುತ್ತದೆ. ಅದು ತಣ್ಣಗಿದ್ದಾಗ ಬಾಗಿಸಿದರೆ ಮುರಿಯುತ್ತದೆ, ಚೆನ್ನಾಗಿ ಬಿಸಿಯಾದರೆ ಮೃದುವಾಗಿ ಮೂಲ ಆಕಾರಕ್ಕೆ ಮರಳುತ್ತದೆ. ಈ ವಸ್ತು ಗೊತ್ತಿರುವವರ ಕೈಗೇ ಕೊಡಿ. ಫ್ರೇಮು ಒಡೆದರೆ ಯಾರ ಹೊಣೆ ಎಂದು ಮೊದಲೇ ಮಾತಾಡಿಕೊಳ್ಳಿ, ಹಳೆಯ ಫ್ರೇಮಿಗೆ ಅಂಗಡಿಯವರು ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ.

ಒಳಗಿರುವುದು ಗಾಜಿನ ಲೆನ್ಸೇ ಆಗಿದ್ದರೆ ಭಾರಕ್ಕೆ ಹೆದರಬೇಡಿ, ಹೊಸದನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿಸಬಹುದು. ಗಾಜಿನ ಸಾಂದ್ರತೆ 2.54, ಸಿಆರ್-39 ಪ್ಲಾಸ್ಟಿಕ್ಕಿನದ್ದು 1.32. ಈ ಪ್ಲಾಸ್ಟಿಕ್ ಬಳಕೆಗೆ ಬಂದದ್ದರಿಂದಲೇ ಆ ದಶಕದಲ್ಲಿ ಕನ್ನಡಕ ಅಷ್ಟು ದೊಡ್ಡದಾಗಲು ಸಾಧ್ಯವಾಯಿತು.

ಪ್ರಶ್ನೆ: ಪಾಲಿಕಾರ್ಬೊನೇಟ್, 1.60, 1.67, 1.74: ದೊಡ್ಡ ಲೆನ್ಸಿಗೆ ಯಾವುದು?

ಉತ್ತರ: ಮೈನಸ್ 2ರವರೆಗೆ ಇಂಡೆಕ್ಸಿಗೆ ಹಣ ಸುರಿಯಬೇಕಿಲ್ಲ. ಅಲ್ಲಿಂದ 5ರವರೆಗೆ ನಮ್ಮ ಒಲವು 1.60ರ ಕಡೆ. ದೊಡ್ಡ ಲೆನ್ಸಿನಲ್ಲಿ ಅಂಚಿನ ಮೂಲಕವೂ ನೋಡುತ್ತೇವೆ, ಬೆಳಕು ಅಲ್ಲಿಯೇ ಬಣ್ಣಗಳಾಗಿ ಒಡೆಯುವುದು. ಆ ಒಡೆತ ಎಷ್ಟು ಕಡಿಮೆ ಎಂದು ಹೇಳುವ ಅಬ್ಬೆ ಸಂಖ್ಯೆ 1.5ರ ಸಾಮಾನ್ಯ ಲೆನ್ಸಾದ ಸಿಆರ್-39ಕ್ಕೆ 58, ಸಾಮಾನ್ಯ 1.60ಕ್ಕೆ ಸುಮಾರು 41, 1.67ಕ್ಕೆ 32, ಪಾಲಿಕಾರ್ಬೊನೇಟಿಗೆ 30. ರಾತ್ರಿ ಬೀದಿದೀಪದ ಸುತ್ತ ನೀಲಿ, ಹಳದಿ ಗೆರೆ ಕಾಣುತ್ತದೆ ಎಂಬ ದೂರು ಕೊನೆಯ ಎರಡರಲ್ಲೇ ಹೆಚ್ಚು. ಪವರ್ 6 ದಾಟಿದವರು 1.67 ಅಥವಾ 1.74ಕ್ಕೆ ಹೋಗಲಿ, ಆದರೆ ಫ್ರೇಮಿನ ಅಗಲವನ್ನೂ ಇಳಿಸಲಿ. ಪ್ರತಿಫಲನ ತಡೆಯುವ ಲೇಪ ಎಲ್ಲರಿಗೂ ಬೇಕು, ದೊಡ್ಡ ಲೆನ್ಸಿನ ಹಿಂಬದಿಯಲ್ಲಿ ಬೆನ್ನಹಿಂದಿನ ದೀಪವೆಲ್ಲ ಹೊಳೆಯುತ್ತದೆ.

ಪ್ರಶ್ನೆ: ಎಂಟು ವರ್ಷದ ಮಗಳು ಅಮ್ಮನಂಥ ದೊಡ್ಡ ಕನ್ನಡಕವೇ ಬೇಕೆಂದು ಹಟ ಹಿಡಿದಿದ್ದಾಳೆ.

ಉತ್ತರ: ಬಣ್ಣ ಅವಳು ಆರಿಸಲಿ, ಅಳತೆ ನೀವು ಆರಿಸಿ. ಜಾರಿದ ಕನ್ನಡಕದ ಮೇಲಿನಿಂದ ಮಕ್ಕಳು ಇಣುಕಿ ನೋಡುತ್ತಾರೆ, ಪವರ್ ಇದ್ದೂ ಇಲ್ಲದಂತಾಗುತ್ತದೆ. ಮೈನಸ್ ಏರುವುದನ್ನು ನಿಧಾನಗೊಳಿಸಲು ಕೊಡುವ ವಿಶೇಷ ಲೆನ್ಸಾದರೆ ಅದರ ನಡುವಿನ ವೃತ್ತ ಕಣ್ಣುಪಾಪೆಯ ಎದುರಿಗೇ ನಿಲ್ಲಬೇಕು, ಅಲ್ಲಿ ರಾಜಿಯೇ ಇಲ್ಲ.

ಪ್ರಶ್ನೆ: ಗಾಡಿ ಓಡಿಸುವಾಗ ದೊಡ್ಡ ಕನ್ನಡಕ ಅನುಕೂಲವೇ?

ಉತ್ತರ: ಲೆನ್ಸಿನಿಂದ ಅನುಕೂಲ, ಕಡ್ಡಿಯಿಂದ ಅನನುಕೂಲ. ಕಣ್ಣಿನ ಮಟ್ಟದಲ್ಲೇ ಜೋಡಿಸಿದ ಎರಡು ಬೆರಳಗಲದ ಕಡ್ಡಿ ಪಕ್ಕದಿಂದ ಬರುವ ವಾಹನವನ್ನು ಮರೆಮಾಡುತ್ತದೆ. ಅಂಗಡಿಯಲ್ಲಿ ಫ್ರೇಮು ಹಾಕಿಕೊಂಡು ನೇರ ಮುಂದೆ ನೋಡುತ್ತಾ ಕೈಯನ್ನು ಕಿವಿಯ ಹಿಂದಿನಿಂದ ನಿಧಾನ ಮುಂದಕ್ಕೆ ತನ್ನಿ. ಬೆರಳು ಕಾಣುವ ಹೊತ್ತಿಗೆ ಎಲ್ಲಿಗೆ ಬಂದಿದೆ ನೋಡಿ, ಫ್ರೇಮು ತೆಗೆದು ಮತ್ತೆ ಹಾಗೇ ಮಾಡಿ. ವ್ಯತ್ಯಾಸ ಎದ್ದು ಕಾಣುವಂತಿದ್ದರೆ ಕಡ್ಡಿ ಮೇಲ್ತುದಿಯಲ್ಲಿ ಜೋಡಿಸಿರುವ, ತೆಳುವಾದದ್ದನ್ನು ಆರಿಸಿ.