ಓದುಗರ ಪ್ರಶ್ನೆ: ಹೊಸ ಲ್ಯಾಪ್‌ಟಾಪ್, ಹಳೇ ಕರ್ನಲ್

(ಟರ್ಮಿನಲ್ ಆಜ್ಞೆಗಳನ್ನು ಕನ್ನಡದಲ್ಲೇ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.)

ಪ್ರಶ್ನೆ: ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತದ ಟೀಚರ್ ನಾನು. ಇಂಟೆಲ್ ಕೋರ್ ಅಲ್ಟ್ರಾ 5 226ವಿ ಪ್ರೊಸೆಸರಿನ ಲ್ಯಾಪ್‌ಟಾಪ್ ಕೊಂಡು, ಶಾಲೆಯ ಲ್ಯಾಬಿನಲ್ಲಿರುವ ಕೈಟ್ ಗ್ನು/ಲಿನಕ್ಸ್ 22.04 (ಕೇರಳದ ಶಾಲೆಗಳ ಕಾರ್ಯಾಚರಣೆ ವ್ಯವಸ್ಥೆ) ಅನ್ನೇ ಹಾಕಿಸಿದೆ. ಬ್ರೈಟ್‌ನೆಸ್ ಕೀ ಒತ್ತಿದರೆ ಏನೂ ಆಗುವುದಿಲ್ಲ. ಜಿಯೋಜಿಬ್ರಾದಲ್ಲಿ 3ಡಿ ಆಕೃತಿ ತಿರುಗಿಸಿದರೆ ಫ್ಯಾನ್ ಕೂಗಲು ಶುರು. ಎಚ್‌ಡಿಎಂಐ ಕೇಬಲ್ ಹಾಕಿದರೆ ಪ್ರೊಜೆಕ್ಟರ್ 'ನೋ ಸಿಗ್ನಲ್' ಅನ್ನುತ್ತದೆ. ಡ್ರೈವರನ್ನು ಎಲ್ಲಿಂದ ಡೌನ್‌ಲೋಡ್ ಮಾಡಲಿ?

ಉತ್ತರ: ಎಲ್ಲಿಂದಲೂ ಬೇಡ. ಕಂಪನಿಯ ಸೈಟಿನಿಂದ ಡ್ರೈವರ್ ತಂದು ಹಾಕುವುದು ವಿಂಡೋಸ್‌ನ ರೂಢಿ. ಲಿನಕ್ಸ್‌ನಲ್ಲಿ ಇಂಟೆಲ್, ಎಎಂಡಿ ಗ್ರಾಫಿಕ್ಸ್‌ನ ಡ್ರೈವರ್ ವ್ಯವಸ್ಥೆಯ ಒಳಗೇ ಮೂರು ತುಂಡಾಗಿ ಇರುತ್ತದೆ. ಚಿಪ್ಪನ್ನು ಗುರುತಿಸಿ ನಡೆಸುವುದು ಕರ್ನಲ್. ಚಿಪ್ಪಿನೊಳಕ್ಕೆ ತುಂಬುವ ಸಣ್ಣ ಫೈಲುಗಳು ಫರ್ಮ್‌ವೇರ್. ಜಿಯೋಜಿಬ್ರಾದಂಥ ತಂತ್ರಾಂಶ 'ಇದನ್ನು ಬಿಡಿಸು' ಅಂದದ್ದನ್ನು ಚಿಪ್ಪಿಗೆ ಅರ್ಥವಾಗುವಂತೆ ಹೇಳುವುದು ಮೆಸಾ. ಮೂರರಲ್ಲಿ ಒಂದು ಹಳತಾದರೂ ಕೆಲಸ ಕೆಡುತ್ತದೆ.

ನಿಮ್ಮ ಪ್ರೊಸೆಸರ್ 2024ರ ಸೆಪ್ಟೆಂಬರಿನಲ್ಲಿ ಬಂದ 'ಲೂನಾರ್ ಲೇಕ್' ಪೀಳಿಗೆಯದು. ಅದರ ಗ್ರಾಫಿಕ್ಸ್ ನಡೆಸುವ 'ಎಕ್ಸ್‌ಇ' ಡ್ರೈವರ್ ಈ ಚಿಪ್ಪನ್ನು ತಾನಾಗಿ ಎತ್ತಿಕೊಳ್ಳುವುದು ಲಿನಕ್ಸ್ 6.12ರಿಂದ ಈಚೆಗೆ. ಕೈಟ್ 22.04ರ ತಳಹದಿ ಉಬುಂಟು 22.04 ಎಂಬ ಲಿನಕ್ಸ್ ವ್ಯವಸ್ಥೆ. ಆ ಸರಣಿಯ ಸಾಮಾನ್ಯ ಕರ್ನಲ್ 5.15ರಿಂದ ಹೊರಟು 6.8ಕ್ಕೆ ನಿಂತಿದೆ. ಎಷ್ಟು ಅಪ್‌ಡೇಟ್ ಕೊಟ್ಟರೂ ಅದು 6.12 ಮುಟ್ಟುವುದಿಲ್ಲ. ಲ್ಯಾಬಿನ ಹಳೇ ಯಂತ್ರಗಳಿಗೆ ಅದೇ ವ್ಯವಸ್ಥೆ ಚೆನ್ನಾಗಿಯೇ ಒಪ್ಪುತ್ತದೆ. ನಿಮ್ಮ ಯಂತ್ರ ಅದಕ್ಕಿಂತ ಆಮೇಲೆ ಹುಟ್ಟಿದ್ದು, ಅಷ್ಟೇ.

ಹಾಗಾದರೆ ಪರದೆ ಬೆಳಗುವುದು ಹೇಗೆ? ಯಂತ್ರ ಆನ್ ಆದಾಗ ಯುಇಎಫ್‌ಐ (ಯಂತ್ರವನ್ನು ಮೊದಲು ಎಬ್ಬಿಸುವ, ಅದರಲ್ಲೇ ಅಡಕವಾದ ತಂತ್ರಾಂಶ) ಸಿದ್ಧ ಮಾಡಿಟ್ಟ ಒಂದೇ ಒಂದು ಪರದೆಯನ್ನು ಕರ್ನಲ್ ಹಾಗೇ ಎರವಲು ಪಡೆಯುತ್ತದೆ. ಅದರ ಮೇಲೆ ಬಿಡಿಸುವ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ. ಫ್ಯಾನ್ ಕೂಗುವುದು ಅದಕ್ಕೆ. ಎರವಲು ಪರದೆಗೆ ಬೆಳಕು ಕಡಿಮೆ ಮಾಡುವುದು ಗೊತ್ತಿಲ್ಲ, ಎರಡನೇ ಪರದೆ ಇದೆಯೆಂಬುದೂ ಗೊತ್ತಿಲ್ಲ. ಸೆಟ್ಟಿಂಗ್ಸ್‌ನ 'ಅಬೌಟ್' ತೆರೆದು ಗ್ರಾಫಿಕ್ಸ್ ಎಂಬ ಸಾಲು ನೋಡಿ. ಇಂಟೆಲ್ ಎಂದಿರಬೇಕಾದ ಕಡೆ 'ಎಲ್‌ಎಲ್‌ವಿಎಂಪೈಪ್' (ಪ್ರೊಸೆಸರಿನಿಂದಲೇ ಚಿತ್ರ ಬಿಡಿಸುವ ಬದಲಿ ತಂತ್ರಾಂಶ) ಎಂದಿದ್ದರೆ ಕಾಯಿಲೆ ಇದೇ.

ಉಬುಂಟು 24.04.3 ಹಾಕಿ, ಅದರ ಕರ್ನಲ್ 6.14. ಜಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಅದರ ಭಂಡಾರದಲ್ಲೇ ಸಿಗುತ್ತವೆ. ಪಾಠಕ್ಕೆ ಶಾಲೆಯ ವ್ಯವಸ್ಥೆಯೇ ಬೇಕೆಂದಿದ್ದರೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಗ್ನೋಮ್-ಬಾಕ್ಸಸ್' ಕೊಟ್ಟು, ಬಾಕ್ಸಸ್‌ನೊಳಗೆ (ಯಂತ್ರದೊಳಗೇ ಇನ್ನೊಂದು ಕೃತಕ ಯಂತ್ರ ನಡೆಸುವ ತಂತ್ರಾಂಶ ಅದು) ಕೈಟ್ ಅನ್ನು 4 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕಿನೊಂದಿಗೆ ಹಾಕಿಕೊಳ್ಳಿ. ಅಲ್ಲಿ ಅದಕ್ಕೆ ಕಾಣುವುದು ಕೃತಕ ಗ್ರಾಫಿಕ್ಸ್ ಆದ್ದರಿಂದ ಹಳೇ ಕರ್ನಲ್ ತಕರಾರು ಮಾಡುವುದಿಲ್ಲ. ಪ್ರೊಜೆಕ್ಟರಿಗೆ ಕಳಿಸುವ ಕೆಲಸ ಹೊರಗಿನ ಹೊಸ ಉಬುಂಟುವಿನದು: ವಿಂಡೋಸ್ ಕೀ ಹಿಡಿದು 'ಪಿ' ಒತ್ತಿದರೆ ಸಾಕು.

22.04ಕ್ಕೇ ಹೊಸ 'ಮೇನ್‌ಲೈನ್' ಕರ್ನಲ್ (ಉಬುಂಟು ತನ್ನ ಬದಲಾವಣೆ ಸೇರಿಸದ ಮೂಲ ಕರ್ನಲ್) ತುರುಕುವ ಉಪಾಯವನ್ನು ಯಾರಾದರೂ ಹೇಳಿಯಾರು. ಬೇಡ. ಆ ಕರ್ನಲ್‌ಗೆ ಸಹಿ ಇರುವುದಿಲ್ಲ, ನಂಬಿಕೆಯ ಸಹಿ ಇಲ್ಲದ್ದನ್ನು ಏಳಗೊಡದ 'ಸೆಕ್ಯೂರ್ ಬೂಟ್' ಕಾವಲು ಆನ್ ಇದ್ದರೆ ಯಂತ್ರ ಬಾಗಿಲಲ್ಲೇ ತಡೆಯುತ್ತದೆ. ತಡೆಯದಿದ್ದರೂ ಮೆಸಾ, ಫರ್ಮ್‌ವೇರ್ ಹಳತಾಗಿಯೇ ಉಳಿಯುತ್ತವೆ.

24.04.3 ಹಾಕಿದ ಮೇಲೂ ಎಲ್‌ಎಲ್‌ವಿಎಂಪೈಪ್ ಎಂದೇ ಕಂಡರೆ 'ಕ್ಯಾಟ್ /ಪ್ರಾಕ್/ಸಿಎಂಡಿಲೈನ್' ಕೊಡಿ. ಉತ್ತರದಲ್ಲಿ 'ನೋಮೋಡ್‌ಸೆಟ್' ಇದೆಯೇ? ಕಪ್ಪು ಪರದೆ ದಾಟಲು ಹಾಕಿಸಿದವರು ಸೇರಿಸಿ, ತೆಗೆಯಲು ಮರೆಯುವ ಪದ ಅದು. ಅದಿರುವವರೆಗೆ ಸರಿಯಾದ ಡ್ರೈವರೂ ಏಳುವುದಿಲ್ಲ. '/ಇಟಿಸಿ/ಡಿಫಾಲ್ಟ್/ಗ್ರಬ್' ಫೈಲಿನಿಂದ ಅಳಿಸಿ, 'ಸುಡೊ ಅಪ್‌ಡೇಟ್-ಗ್ರಬ್' ಕೊಟ್ಟು ರೀಸ್ಟಾರ್ಟ್ ಮಾಡಿ.

ಪ್ರಶ್ನೆ: ಮಂಜೇಶ್ವರದ ವಿದ್ಯಾರ್ಥಿ. ಆರ್‌ಟಿಎಕ್ಸ್ 5060 ಲ್ಯಾಪ್‌ಟಾಪ್, ಉಬುಂಟು 24.04.3. ಎನ್ವಿಡಿಯಾ ಡ್ರೈವರ್ ಹಾಕುವಾಗ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂತು, ನೋಡುತ್ತಿದ್ದಂತೆ ಹೋಯಿತು. ಈಗ 'ಎನ್ವಿಡಿಯಾ-ಎಸ್‌ಎಂಐ' ಕೊಟ್ಟರೆ ಡ್ರೈವರ್ ಸಿಗುತ್ತಿಲ್ಲ ಎನ್ನುತ್ತದೆ. ಹೊರಗಿನ ಮಾನಿಟರೂ ಬೆಳಗುತ್ತಿಲ್ಲ.

ಉತ್ತರ: ಆ ನೀಲಿ ಪರದೆಯೇ ಪರೀಕ್ಷೆ. ನಿಮ್ಮ ಯಂತ್ರದಲ್ಲೇ ತಯಾರಾದ ಡ್ರೈವರಿನ ಸಹಿಯನ್ನು ನಂಬಬಹುದೇ ಎಂದು ಸೆಕ್ಯೂರ್ ಬೂಟ್ ಕೇಳುವ ಜಾಗ ಅದು. 10 ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತದಿದ್ದರೆ 'ಬೇಡ' ಎಂದುಕೊಂಡು ಮುಂದೆ ಹೋಗುತ್ತದೆ. 'ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್ರೋಲ್-ಕೀ' ಕೊಟ್ಟು ಹೊಸ ಪಾಸ್‌ವರ್ಡ್ ಇಡಿ. ಬರೀ ಅಕ್ಷರ, ಅಂಕೆ ಸಾಕು. ನೀಲಿ ಪರದೆಯಲ್ಲಿ ಅಮೆರಿಕನ್ ಕೀಬೋರ್ಡ್ ವಿನ್ಯಾಸವಿರುವುದರಿಂದ ಚಿಹ್ನೆಗಳು ಅದಲುಬದಲಾಗಬಹುದು. ರೀಸ್ಟಾರ್ಟ್ ಮಾಡಿ, ಪರದೆ ನೀಲಿಯಾದ ಕೂಡಲೇ ಒಂದು ಕೀ ಒತ್ತಿ. 'ಎನ್ರೋಲ್ ಎಂಒಕೆ', 'ಕಂಟಿನ್ಯೂ', 'ಯೆಸ್', ಪಾಸ್‌ವರ್ಡ್, 'ರೀಬೂಟ್' ಇದೇ ಕ್ರಮ.

ಆಮೇಲೂ 'ಡಿವೈಸ್ ಸಿಗಲಿಲ್ಲ' ಎಂದರೆ ತಪ್ಪು ಪ್ಯಾಕೇಜ್ ಹಾಕಿರುತ್ತೀರಿ. 50 ಸರಣಿಯ ಕಾರ್ಡುಗಳು ಎನ್ವಿಡಿಯಾದ ಮುಕ್ತ ಕರ್ನಲ್ ಮಾಡ್ಯೂಲಿನಲ್ಲಿ ಮಾತ್ರ ನಡೆಯುತ್ತವೆ. 'ಅಡಿಷನಲ್ ಡ್ರೈವರ್ಸ್'ನಲ್ಲಿ 570 ಅಥವಾ ಅದಕ್ಕೂ ಹೊಸತು, ಹೆಸರಿನಲ್ಲಿ 'ಓಪನ್' ಇರುವುದನ್ನೇ ಆರಿಸಿ. ಎನ್ವಿಡಿಯಾ ಸೈಟಿನ 'ರನ್' ಫೈಲ್ ಮುಟ್ಟಬೇಡಿ. ಮುಂದಿನ ಕರ್ನಲ್ ಅಪ್‌ಡೇಟಿಗೆ ಮತ್ತೆ ಕಪ್ಪು ಪರದೆ ಬಂದೀತು. ಮಾನಿಟರ್ ಬಗ್ಗೆ: ಗೇಮಿಂಗ್ ಲ್ಯಾಪ್‌ಟಾಪ್ ಹಲವದರಲ್ಲಿ ಎಚ್‌ಡಿಎಂಐ ಕಿಂಡಿ ನೇರ ಎನ್ವಿಡಿಯಾ ಚಿಪ್ಪಿಗೆ ಬೆಸೆದಿರುತ್ತದೆ. ಡ್ರೈವರ್ ಎದ್ದರೆ ಅದೂ ಏಳುತ್ತದೆ.

ಪ್ರಶ್ನೆ: ಎಎಂಡಿ ರೈಜನ್ ಲ್ಯಾಪ್‌ಟಾಪ್, ಲಿನಕ್ಸ್. ಏನೂ ಮಾಡದೆ ಸುಮ್ಮನಿದ್ದಾಗ ಪರದೆ ಮಿನುಗುತ್ತದೆ, ಮೌಸ್ ಆಡಿಸಿದರೆ ನಿಲ್ಲುತ್ತದೆ. – ಮುಳ್ಳೇರಿಯ

ಉತ್ತರ: ಚಿತ್ರ ಬದಲಾಗದಿದ್ದಾಗ ಪರದೆ ತನ್ನ ನೆನಪಿನಿಂದಲೇ ತೋರಿಸಿ ಬ್ಯಾಟರಿ ಉಳಿಸುವ ಸೌಲಭ್ಯವಿದೆ, ಪಿಎಸ್‌ಆರ್ ಎಂದು. ಅನುಮಾನ ಅದರ ಮೇಲೆ. ಮೇಲೆ ಹೇಳಿದ '/ಇಟಿಸಿ/ಡಿಫಾಲ್ಟ್/ಗ್ರಬ್' ಫೈಲಿನಲ್ಲಿ 'ಕ್ವಯಟ್ ಸ್ಪ್ಲ್ಯಾಶ್' ಪಕ್ಕ 'ಎಎಂಡಿಜಿಪಿಯು.ಡಿಸಿಡೀಬಗ್‌ಮಾಸ್ಕ್=0ಎಕ್ಸ್10' ಸೇರಿಸಿ, 'ಸುಡೊ ಅಪ್‌ಡೇಟ್-ಗ್ರಬ್' ಕೊಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ. ಕರ್ನಲ್ ಹೊಸದಾದಾಗಲೆಲ್ಲ ಒಮ್ಮೆ ತೆಗೆದು ನೋಡಿ.

ಪ್ರಶ್ನೆ: ಲ್ಯಾಪ್‌ಟಾಪಿಗೆ ಲಿನಕ್ಸ್ ಒಪ್ಪುತ್ತದೆಯೇ ಎಂದು ಕೊಳ್ಳುವ ಮೊದಲೇ ತಿಳಿಯುವುದು ಹೇಗೆ? – ಪೆರ್ಲ

ಉತ್ತರ: 8 ಜಿಬಿ ಪೆನ್‌ಡ್ರೈವಿನಲ್ಲಿ ಉಬುಂಟು ಬರೆದುಕೊಂಡು ಅಂಗಡಿಗೆ ಹೋಗಿ, 'ಟ್ರೈ' ಆರಿಸಿ. ಡಿಸ್ಕನ್ನು ಮುಟ್ಟುವುದಿಲ್ಲ ಎಂದು ಅಂಗಡಿಯವರಿಗೆ ಮೊದಲೇ ಹೇಳಿಬಿಡಿ, ಮುಖ ಸಿಂಡರಿಸುವುದು ಕಡಿಮೆಯಾದೀತು. ಬ್ರೈಟ್‌ನೆಸ್ ಕೀ ಒತ್ತಿ, ಅಲ್ಲೇ ಇರುವ ಟಿವಿಗೆ ಎಚ್‌ಡಿಎಂಐ ಹಾಕಿ, ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆಯಿರಿ. ಸ್ನ್ಯಾಪ್‌ಡ್ರಾಗನ್ ಎಕ್ಸ್ ಪ್ರೊಸೆಸರಿನ ಲ್ಯಾಪ್‌ಟಾಪಿಗೆ ಈ ಪೆನ್‌ಡ್ರೈವ್ ಚುಚ್ಚಿ ಫಲವಿಲ್ಲ. ಅದು ಆರ್ಮ್ ಜಾತಿ. ಇಂಟೆಲ್, ಎಎಂಡಿಗೆ ಬರೆದ ಉಬುಂಟು ಅದರಲ್ಲಿ ಬೂಟ್ ಆಗುವುದೇ ಇಲ್ಲ.